ಶೇವಂತಾಬಾಯಿ ತೊಳೆದ ಬಾವಿ

ಉಗಾರ ಖುರ್ದದಲ್ಲಿ ಯಾವುದಾದರೂ ಮನೆಗೆ ಬೀಗ ಬಿದ್ದು, ಮೇಲಿನ ನೀರಿನ ಟಾಕಿ ಸೋರಿ ಗೋಡೆ ಪಾಚಿಗಟ್ಟಿದೆ ಅಂದರೆ ಆ ಮನೆಯವರು ಆಫ್ರಿಕಾದಲ್ಲಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಬೇರೆ ಊರಿನವರು ದುಬೈಗೆ ಹೋಗುತ್ತಾರೆ, ಲಂಡನ್ನಿಗೆ ಹೋಗುತ್ತಾರೆ. ಉಗಾರದವರು ಕಬ್ಬು ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರಿಗೆ ಯುಗಾಂಡಾ, ಕೆನ್ಯಾದಲ್ಲಿ ಕೆಲಸಕ್ಕೇನೂ ಬರವಿಲ್ಲ. ಹೋದವರು ಸುಮ್ಮನಿರುತ್ತಾರೆಯೇ? ಅಲ್ಲಿಂದ ಫೋನು ಹಚ್ಚಿ ಇಲ್ಲಿಯ ನಳ ರಿಪೇರಿ ಮಾಡಿಸಲು ಹೊರಡುತ್ತಾರೆ. ಗಮ್ಮತ್ತು ಶುರುವಾಗುವುದೇ ಆಗ.

ಸನ್ಮತಿಯನ್ನೇ ನೋಡಿ. ಯುಗಾಂಡಾದ ಕಾರ್ಖಾನೆಯಲ್ಲಿ ಅವನು ಪ್ಯಾನ್‌ಮನ್. ಕುದಿಯುವ ಪಾಕ ಯಾವಾಗ ಹರಳು ಕಟ್ಟುತ್ತದೆ ಎಂದು ಎರಡು ಬೆರಳಿನ ನಡುವೆ ಉಜ್ಜಿ ಹೇಳುವ ಮನುಷ್ಯ. ಅಂಥವನನ್ನು ಊರಿನ ಪ್ಲಂಬರ್ ಬಸವಂತ ಇಡೀ ಚಳಿಗಾಲ ಕುಣಿಸಿಬಿಟ್ಟ. ಫೋನು ಹಚ್ಚಿದಾಗೆಲ್ಲ, "ನಿಮ್ಮ ಮನ್ಯಾಗ ಅದೀನ್ರೀ ಅಣ್ಣಾ, ನಳಾ ಬಿಚ್ಚೂ ಪಾನಾ ಕೈಯಾಗ ಐತಿ" ಅನ್ನುವನು. ಹಿಂದಿನಿಂದ ಕಾಗವಾಡ ಸ್ಟ್ಯಾಂಡಿನಲ್ಲಿ ಕಂಡಕ್ಟರು "ಮಿರಜ, ಮಿರಜ" ಎಂದು ಕೂಗುವುದು ಯುಗಾಂಡಾದವರೆಗೆ ಕೇಳುತ್ತಿತ್ತು. ಕಡೆಗೊಂದು ದಿನ ಹೊಸ ನಳದ ಫೋಟೋ ಬಂತು. ಸನ್ಮತಿಯ ಹೆಂಡತಿ ತ್ರಿಶಲಾ ಅದನ್ನು ಹಿಗ್ಗಿಸಿ ನೋಡಿ, "ಅಯ್ಯ, ನಮ್ಮ ಬಚ್ಚಲಕ್ಕ ಹಸರ ಫರಶಿ ಯಾವಾಗ ಬಂತು?" ಅಂದಳು. ಅದು ಬಸವಂತನ ಮಾವನ ಮನೆಯ ಬಚ್ಚಲು!

ಆವತ್ತು ಸಿಟ್ಟಿನ ಭರದಲ್ಲಿ ಸನ್ಮತಿ ಶೇವಂತಾಬಾಯಿಗೆ ಫೋನು ಹಚ್ಚಿದ.

ಶೇವಂತಾಬಾಯಿ ಬೌದ್ಧರ ಓಣಿಯವಳು, ರಾಜಾರಾಮ ಗೌಂಡಿಯ ಹೆಂಡತಿ. ಮದುವೆಯಾಗಿ ಬಂದ ವರ್ಷದಿಂದ ಗಂಡ ಕಟ್ಟಿದ ಗೋಡೆಗಳಿಗೆಲ್ಲ ಸಿಮೆಂಟಿನ ಬುಟ್ಟಿ ಹೊತ್ತವಳು. ಸನ್ಮತಿಯ ಅವ್ವ ಗಂಗೂಬಾಯಿ ಇದ್ದಾಗಿನಿಂದಲೂ ಆ ಮನೆಯ ಗಿಲಾವು, ಗಚ್ಚು ಏನಿದ್ದರೂ ಈ ಗಂಡ ಹೆಂಡತಿಯದೇ ಕೆಲಸ. ಆಮೇಲೆ ರಾಜಾರಾಮನ ಮೊಣಕಾಲು ಕೈಕೊಟ್ಟವು. ಅವನು ಮನೆಯ ಮುಂದಿನ ಕಟ್ಟೆಗೆ ಅಂಟಿಕೊಂಡು, ಹೋಗುವವರಿಗೂ ಬರುವವರಿಗೂ ಸಲಹೆ ಕೊಡುವ ಉದ್ಯೋಗ ಹಿಡಿದ. ಇವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಊರಿನ ಬೀಗ ಬಿದ್ದ ಮನೆಗಳ ಉಸ್ತುವಾರಿ ಹಿಡಿದಳು.

ಅವಳ ಪದ್ಧತಿ ಬಹಳ ಸಾದಾ. ಕೆಲಸಗಾರ ಒಳಗೆ ಹೋದ ಮೇಲೆ ಬಾಗಿಲಿನ ಹೊಸ್ತಿಲ ಮೇಲೆ ಗೋಣಿಚೀಲ ಹಾಸಿ ಕೂತುಬಿಡುತ್ತಾಳೆ. ತೊಡೆಯ ಮೇಲೆ ಬೆಳ್ಳುಳ್ಳಿಯ ಮೊರ. ಹೊರಗೆ ಹೋಗಬೇಕಾದರೆ ಅವಳನ್ನು ದಾಟಬೇಕು. ಊರಿನಲ್ಲಿ ಇನ್ನೂ ಯಾರಿಗೂ ಆ ಧೈರ್ಯ ಬಂದಿಲ್ಲ. "ಚಾ ಕುಡದ ಲಗೇಚ ಬರ್ತೀನಿ" ಎಂದು ಬಸವಂತ ಎದ್ದರೆ, "ಚಾ ಇಲ್ಲೇ ಬರತೈತಿ, ಕುಂದರಲೇ" ಅನ್ನುತ್ತಾಳೆ. ಮಿರಜದಿಂದ ಬಂದ ಬಡಿಗನಿಗೆ ಮರಾಠಿಯಲ್ಲಿ ಬೈಯುತ್ತಾಳೆ, ಬಣ್ಣದವನಿಗೆ ಹಿಂದಿಯಲ್ಲಿ. ಮಾಲೀಕರಿಗೆ ವಿಡಿಯೋ ಹಚ್ಚಿ ಮೊದಲು ಹಳೆಯದನ್ನು ಬಿಚ್ಚಿ ತೋರಿಸುತ್ತಾಳೆ, ಆಮೇಲೆ ಹೊಸದನ್ನು. "ನೋಡಿದ್ರೆಲ್ಲ? ಬರೋಬ್ಬರಿ ಕಂಡ್ತೆಲ್ಲ? ಈಗ ಫೋನ್ ಇಡ್ರಿ, ನನಗ ಕೆಲಸ ಐತಿ." ಹೀಗೆ ಸನ್ಮತಿಯ ನಳವೂ ಸರಿಯಾಯಿತು, ಟಾಕಿಯೂ ಸರಿಯಾಯಿತು. ಮನೆಯ ಕೀಲಿಕೈ ಅವಳ ಸೊಂಟಕ್ಕೆ ಬಂದು ಸೇರಿತು.

ಈ ವರ್ಷ ಮಳೆಗಾಲದ ಆರಂಭದಲ್ಲಿ ತ್ರಿಶಲಾ ತಾನೇ ಫೋನು ಮಾಡಿದಳು. ಊರಿನ ಬಸದಿಯಲ್ಲಿ ಜೈನ ಮುನಿ ಮಹಾರಾಜರು ಚಾತುರ್ಮಾಸಕ್ಕೆ ನಿಲ್ಲುತ್ತಾರಂತೆ. ಭಾದ್ರಪದದ ಪರ್ವಕ್ಕೆ ತಾವು ಗಂಡ ಹೆಂಡತಿ ಬರುತ್ತಿದ್ದೇವೆ, ಒಂದು ದಿನವಾದರೂ ಮಹಾರಾಜರ ಆಹಾರ ನಮ್ಮ ಮನೆಯಲ್ಲಿ ಆಗಬೇಕು ಎಂದಳು.

ಮಹಾರಾಜರ ಆಹಾರವೆಂದರೆ ಊಟಕ್ಕೆ ಕರೆದು ಬಡಿಸಿದಂತಲ್ಲ. ಅವರು ದಿನಕ್ಕೊಮ್ಮೆ, ನಿಂತುಕೊಂಡೇ, ತಮ್ಮ ಬೊಗಸೆಯಲ್ಲಿ ಉಣ್ಣುವವರು. ಅಡುಗೆಗೂ ಕುಡಿಯುವುದಕ್ಕೂ ಬಾವಿಯ ನೀರೇ ಆಗಬೇಕು. ಅದನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡಬೇಕು. ನಳದ ನೀರು ನಡೆಯುವುದಿಲ್ಲ. ಗಂಗೂಬಾಯಿ ಬದುಕಿರುವವರೆಗೆ ಹಿತ್ತಲ ಬಾವಿಯ ನೀರಿನಿಂದ ಪ್ರತಿ ಚಾತುರ್ಮಾಸದಲ್ಲೂ ಆ ಮನೆಯಲ್ಲಿ ಆಹಾರವಾಗುತ್ತಿತ್ತು. ಅವರು ಹೋದ ಮೇಲೆ ಮನೆಗೆ ಬೀಗ ಬಿತ್ತು. ಹಿಂದಿನ ಮಹಾಪೂರದಲ್ಲಿ ಕೃಷ್ಣೆ ನುಗ್ಗಿ ಬಾವಿಯಲ್ಲಿ ರಾಡಿ ತುಂಬಿತು.

"ಅತ್ತಿ ಸಾಯೂ ಮುಂದ ನನ್ನ ಕೈ ಹಿಡದು ಒಂದ ಮಾತ ಕೇಳಿದ್ರು, ಬಾಯಿ," ಅಂದಳು ತ್ರಿಶಲಾ. "ಈ ಮನ್ಯಾಗ ಆಹಾರ ನಿಲ್ಲಬಾರದು ಅಂತ. ನಾ ಹೂಂ ಅಂದಿದ್ದೆ. ಇನ್ನೂತನಾ ಒಂದ ಸಲಾನೂ ಆಗಿಲ್ಲ. ಮಹಾರಾಜರು ಮತ್ತ ಯಾವಾಗ ನಮ್ಮ ಊರಿಗಿ ಬರ್ತಾರೋ ಏನೋ."

"ಬಾವಿ ನನಗ ಬಿಡ್ರಿ ವೈನಿ," ಅಂದಳು ಶೇವಂತಾಬಾಯಿ. "ನೀವು ಬರೂದ್ರೊಳಗ ತಳದಾಗಿನ ಕಲ್ಲ ಕಾಣಬೇಕು, ಹಂಗ ಮಾಡ್ತೀನಿ."

"ಇನ್ನೊಂದ ಮಾತ್ರಿ. ನೀರ ಹೊರಗ ಹಾಕೂ ಮುಂದ ಅದ್ರಾಗಿನ ಮೀನ, ಕಪ್ಪಿ ಏನಿದ್ರೂ ಮೊದಲ ಮ್ಯಾಲ ತೆಗೀರಿ. ಕೆಲಸ ಮುಗದ ಮ್ಯಾಲ ತಿರುಗಿ ಅಲ್ಲೇ ಬಿಡ್ರಿ. ಒಂದ ಜೀವಾನೂ ಹೋಗಬಾರದು."

"ನಿಮ್ಮ ಅತ್ತಿ ಕೈಯಾಗ ಕೆಲಸಾ ಮಾಡೀನ್ರಿ ನಾ. ನನಗ ಹೇಳೂದೇನ ಬ್ಯಾಡ."

ಹೇಳಿದಂತೆಯೇ ಮಾಡಿದಳು. ಹಿತ್ತಲಲ್ಲಿ ದೊಡ್ಡ ತೊಟ್ಟಿ ತರಿಸಿ ಬಾವಿಯ ನೀರನ್ನೇ ತುಂಬಿಸಿ, ಹಳೆಯ ಸೊಳ್ಳೆಪರದೆಯಿಂದ ಮೀನುಗಳನ್ನು ಹಿಡಿಸಿದಳು. ಒಂದು ಆಮೆಯೂ ಸಿಕ್ಕಿತು. "ಇದಕ್ಕೂ ಚಾ ಕೊಡೂಣೇನ್ರೀ ಬಾಯಿ?" ಎಂದು ಪಂಪು ತಂದ ಬಸವಂತ ನಕ್ಕ. "ನಿನಗಿಂತ ಅದಾ ಛಲೋ ಕೆಲಸಾ ಮಾಡತೈತಿ, ಮುಚ್ಚಕೊಂಡ ಪಂಪ್ ಹಚ್ಚು" ಎಂದು ಇವಳು ಗದರಿದಳು. ನೀರು ಇಳಿದ ಮೇಲೆ ಆಳುಗಳು ರಾಡಿ ಎತ್ತಿದರು, ಜಾರಿದ ಕಲ್ಲುಗಳನ್ನು ಮತ್ತೆ ಕೂಡಿಸಿದರು. ನೀರು ಸೇದಲು ಹೊಸ ಗಡಗಡಿ ಬಂತು. ಕಡೆಗೆ ತಾನೇ ಹಗ್ಗ ಹಿಡಿದು ತಳಕ್ಕೆ ಇಳಿದು ಒಂದೊಂದು ಸಂದಿನಲ್ಲೂ ಕೈಯಾಡಿಸಿ ನೋಡಿದಳು. ಗಂಗೂಬಾಯಿಯ ಕಾಲದಲ್ಲಿ ಈ ಬಾವಿಯ ಹಗ್ಗ ಅವಳ ಕೈಗೆ ಸಿಕ್ಕದ್ದಲ್ಲ. ಅವರೇ ಸೇದಿ ಮೇಲಿನಿಂದ ಇವಳ ಕೊಡಕ್ಕೆ ಹೊಯ್ಯುತ್ತಿದ್ದರು. ಬಾವಿ ತೊಳೆಯುವವರ ಜಾತಿಯನ್ನು ಯಾರೂ ಕೇಳುವುದಿಲ್ಲ, ಸೇದುವವರದನ್ನೇ ಕೇಳುವುದು. ಶೇವಂತಾಬಾಯಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವಳು ಕೆಲಸ ನೋಡಿಕೊಂಡು ಮೇಲೆ ಬಂದಳು.

ಎರಡು ದಿನದಲ್ಲಿ ಸೆಲೆಗಳಿಂದ ತಿಳಿನೀರು ಒಸರಿ ಬಾವಿ ಎದೆಮಟ್ಟ ತುಂಬಿತು. ಸಂಜೆ ಆಳುಗಳು ಹೋದ ಮೇಲೆ ಅವಳೊಬ್ಬಳೇ ಕಟ್ಟೆಗೆ ಬಂದು ಬಗ್ಗಿ ನೋಡಿದಳು. ತಳದ ಕಲ್ಲು ಕಾಣುತ್ತಿತ್ತು. ಮನಸ್ಸಿಗೆ ಹಿತವಾಯಿತು. ಮೂಲೆಯಲ್ಲಿ ಪಂಚಾಯ್ತಿಯವರು ಮಹಾಪೂರ ಇಳಿದ ಮೇಲೆ ಮನೆಮನೆಗೆ ಹಂಚಿದ್ದ ಬ್ಲೀಚಿಂಗ್ ಪುಡಿಯ ಚೀಲವಿತ್ತು. ತನ್ನ ಮನೆಯಿಂದ ಅವಳೇ ತಂದಿಟ್ಟುಕೊಂಡದ್ದು. ಯಾವ ಬಾವಿ ತೊಳೆಸಿದರೂ ಕಡೆಗೆ ಅದು ಬೀಳಲೇಬೇಕು. ಬಕೆಟ್ಟಿನಲ್ಲಿ ಕಲಸಿದಳು, ಪುಡಿ ತುಸು ಹೆಚ್ಚೇ ಹಾಕಿ ಕಲಸಿದಳು, ಬಾವಿಯ ಸುತ್ತ ತಿರುಗುತ್ತ ಹೊಯ್ದಳು. ಮೂಗಿಗೆ ಘಾಟು ಬಡಿದಾಗ ಆಕೆಗೆ ಎಂದಿನಂತೆ ಒಂದು ನೆಮ್ಮದಿಯಾಯಿತು. ಇನ್ನು ಈ ನೀರು ಯಾರನ್ನೂ ಕೊಲ್ಲುವುದಿಲ್ಲ.

ಆ ನೆಮ್ಮದಿಯ ಹಿಂದೆ ಸಪನಾ ಇದ್ದಳು. ಶೇವಂತಾಬಾಯಿಯ ಮೊದಲ ಮಗಳು. ಬಹಳ ಹಿಂದಿನ ಮಹಾಪೂರದಲ್ಲಿ ಓಣಿಯ ನಳಗಳೆಲ್ಲ ಬಂದಾದಾಗ, ಉಳಿದವರು ಬಾಗಿಲು ಹಾಕಿಕೊಂಡರೂ, ಗಂಗೂಬಾಯಿ ಹಿತ್ತಲ ಬಾಗಿಲು ತೆರೆದು ಇಡೀ ಓಣಿಗೆ ನೀರು ಸೇದಿ ಕೊಟ್ಟರು. ಬಟ್ಟೆಯಲ್ಲಿ ಸೋಸಿಯೇ ಕೊಟ್ಟರು. ಪಂಚಾಯ್ತಿಯವರು ಪುಡಿ ಹಾಕಲು ಬಂದರೆ, "ಬ್ಯಾಡ್ರಪ್ಪಾ, ಜೀವ ಹೋಗ್ತಾವ" ಎಂದು ಕೈಮುಗಿದು ಹಿಂದೆ ಕಳಿಸಿದರು. ಆ ವಾರ ಓಣಿಯ ಮಕ್ಕಳಿಗೆ ವಾಂತಿ ಭೇದಿ ಹತ್ತಿತು. ರಸ್ತೆಯೆಲ್ಲ ನೀರಿನಲ್ಲಿ. ದೋಣಿ ಬರುವಷ್ಟರಲ್ಲಿ ಸಪನಾ ಅವ್ವನ ತೊಡೆಯ ಮೇಲೆ ತಣ್ಣಗಾಗಿದ್ದಳು. ಯಾವ ನೀರಿನಿಂದ ಆಯಿತೋ ದೇವರಿಗೇ ಗೊತ್ತು. ಮಕ್ಕಳು ಹೊಳೆಯ ನೀರಿನಲ್ಲೂ ಆಡಿದ್ದವು. ಶೇವಂತಾಬಾಯಿ ಗಂಗೂಬಾಯಿಯ ಮುಂದೆ ಒಂದು ಮಾತು ಎತ್ತಲಿಲ್ಲ. ಯಾರೂ ಕೊಡದಾಗ ನೀರು ಕೊಟ್ಟ ಕೈ ಅದು. ಆದರೆ ಅಂದಿನಿಂದ ಪುಡಿ ಹಾಕದ ನೀರು ಕಂಡರೆ ಅವಳಿಗೆ ಜೀವ ಹಾರುತ್ತಿತ್ತು.

ಬೆಳಿಗ್ಗೆ ಬಂದು ತೊಟ್ಟಿಯ ಮೀನುಗಳನ್ನು ಬಕೆಟ್ಟಿಗೆ ಹಾಕಿ ಬಾವಿಗೆ ಇಳಿಸಿದಳು. ತಿಳಿನೀರಿನಲ್ಲಿ ಅವು ಗುಂಪಾಗಿ ಸರಿದಾಡಿದವು. ನೋಡುತ್ತ ನಿಂತಳು. ತುಸು ಹೊತ್ತಿಗೆ ಒಂದು ಮೀನು ಮೇಲೆ ಬಂದು ಬಾಯಿ ಬಿಟ್ಟಿತು. ಇನ್ನೊಂದು ಬಂತು. ಆಮೇಲೆ ಒಂದೊಂದೇ ಮಗ್ಗುಲಾಗಿ ಬಿಳಿ ಹೊಟ್ಟೆ ಮೇಲೆ ಮಾಡತೊಡಗಿದವು.

"ಅಯ್ಯಯ್ಯೋ ನನ್ನವ್ವಾ! ಇದೇನ ಮಾಡಿದೆ ನಾ!"

ಬಕೆಟ್ಟು ಇಳಿಬಿಟ್ಟು ಮೊಗೆಯಲು ನೋಡಿದಳು, ಪರದೆ ಬಿಟ್ಟಳು. ಆಗಲಿಲ್ಲ. ತೊಟ್ಟಿಯಲ್ಲಿ ಆಮೆಯೊಂದೇ ಉಳಿಯಿತು. ಶೇವಂತಾಬಾಯಿ ಕಟ್ಟೆಗೆ ಕುಕ್ಕರಿಸಿ ತಲೆಯ ಮೇಲೆ ಕೈಹೊತ್ತಳು. ಮೀನು ಸತ್ತದ್ದಷ್ಟೇ ಅಲ್ಲ. ಪುಡಿ ಬಿದ್ದು ಜೀವ ಹೋದ ಬಾವಿಯ ನೀರು, ಮತ್ತೆ ಬಸಿದು ತೊಳೆದರೂ, ಈ ಚಾತುರ್ಮಾಸದ ಆಹಾರಕ್ಕೆ ನಡೆಯುವುದಿಲ್ಲ ಎಂಬುದು ಆ ಮನೆಯಲ್ಲಿ ಇಷ್ಟು ವರ್ಷ ದುಡಿದ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ಸಂಜೆ ಮಾತ್ರ ಅದು ತಲೆಗೇ ಬಂದಿರಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಳು. ರಾಜಾರಾಮನ ಸಲಹೆ ಸಿದ್ಧವಾಗಿಯೇ ಇತ್ತು. "ಸುಮ್ಮ ಇದ್ದಬಿಡು. ಅವ್ರು ಬರೂದ್ರೊಳಗ ವಾಸನಿ ಹೋಗತೈತಿ. ಫೋನಿನ್ಯಾಗ ವಾಸನಿ ಬರತೈತೇನ?"

"ಆ ನೀರ ಮಹಾರಾಜರ ಬೊಗಸಿಗಿ ಹಾಕ್ತಾಳ್ರಿ ಆಕಿ," ಅಂದಳು ಶೇವಂತಾಬಾಯಿ. "ಅತ್ತಿಗಿ ಕೊಟ್ಟ ಮಾತ ಉಳಸ್ಕೊಂಡೆ ಅನ್ಕೋತಾಳ. ಅದು ಸುಳ್ಳ ಅಂತ ನನಗೊಬ್ಬಾಕಿಗಿ ಗೊತ್ತಿರಬೇಕು ಹೌದಲ್ಲ? ನನ್ನ ಕೈಲೆ ಆಗೂದಿಲ್ಲ."

ಸಂಜೆ ಫೋನು ಹಚ್ಚಿದಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಗೊತ್ತಿರಲಿಲ್ಲ. "ವೈನಿ, ನಂದ ತಪ್ಪಾತ್ರಿ. ಬಾವಿಗಿ ಬ್ಲೀಚಿಂಗ್ ಪುಡಿ ಹಾಕೀನಿ. ಮೀನಾ ಎಲ್ಲಾ ಸತ್ತು. ನಿಮ್ಮ ಆಹಾರಾನೂ ಕೆಡಸಿದೆ."

ತ್ರಿಶಲಾಳ ಧ್ವನಿ ಏರಿತು. "ನಾ ನಿಮಗ ಏನ ಹೇಳಿದ್ದೆ ಬಾಯಿ? ಒಂದ ಜೀವಾನೂ ಹೋಗಬಾರದು ಅಂದಿದ್ದೆ. ಬ್ಯಾರೆ ಯಾರದರ ಕೈಯಾಗ ಕೊಟ್ಟಿದ್ರ ಹಿಂಗಾತು ಅಂತ ಬಿಡತಿದ್ದೆ. ನಿಮ್ಮ ಕೈಯಾಗ ಕೊಟ್ಟಿದ್ದೆ. ಯಾಕ ಹಾಕಿದ್ರಿ? ಹೇಳ್ರಿ, ಯಾಕ?"

"ಕೈ ರೂಢಿ ಐತ್ರಿ. ಮತ್ತೇನಿಲ್ಲ."

ಕಟ್ಟೆಯ ಮೇಲೆ ಕೂತಿದ್ದ ರಾಜಾರಾಮ ಇಷ್ಟನ್ನು ಕೇಳಿ ತಡೆದುಕೊಳ್ಳಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಹೆಂಡತಿಯ ಕೈಯಿಂದ ಫೋನು ಕಿತ್ತುಕೊಂಡ. "ವೈನಿ, ಇಕಿ ಹೇಳೂದಿಲ್ರಿ, ನಾ ಹೇಳ್ತೀನಿ. ನೀವು ಲಗ್ನಾಗಿ ಬರೂಕಿಂತ ಮೊದಲ ಮಹಾಪೂರದಾಗ ನಮ್ಮ ಮಗಳ ಹ್ವಾದಳ್ರಿ. ಸಪನಾ ಅಂತ. ಆವಾಗ ಕುಡದದ್ದು ನಿಮ್ಮ ಬಾವಿ ನೀರು. ಪುಡಿ ಹಾಕಾಕ ಬಂದವರ್ನ ನಿಮ್ಮ ಅತ್ತಿ ಹೊಳ್ಳಿ ಕಳಸಿದ್ರು. ನಾವ್ ಅವ್ರಿಗಿ ಏನೂ ಅಂದಿಲ್ಲ, ಇವತ್ತೂ ಅನ್ನೂದಿಲ್ಲ. ಖರೇ ಇಕಿ ಪುಡಿ ಯಾಕ ಹಾಕ್ಯಾಳ ಅಂತ ಕೇಳಬ್ಯಾಡ್ರಿ."

ಶೇವಂತಾಬಾಯಿ ಫೋನು ಕಸಿದುಕೊಳ್ಳುವಷ್ಟರಲ್ಲಿ ಕರೆ ಕಡಿದುಹೋಗಿತ್ತು. ಗಂಡನಿಗೆ ಬಾಯಿಗೆ ಬಂದಂತೆ ಬೈದಳು. ಸತ್ತ ಮುದುಕಿಯ ಮೇಲೆ ಈಗ ಯಾಕೆ ಹೊರೆ ಹಾಕಿದಿರಿ, ಆ ಹೆಣ್ಣುಮಗಳಿಗೆ ಎಷ್ಟು ಸಂಕಟವಾಗಿರಬೇಡ ಎಂದಳು. ರಾಜಾರಾಮ ಅವತ್ತು ಯಾವ ಸಲಹೆಯನ್ನೂ ಕೊಡಲಿಲ್ಲ.

ಯುಗಾಂಡಾದಿಂದ ಮತ್ತೆ ಫೋನು ಬರಲಿಲ್ಲ. ಶೇವಂತಾಬಾಯಿ ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ, ಬಸದಿ ಓಣಿಯ ಚಂದ್ರಮತಿಕಾಕುವಿನ ಬಾವಿಗೆ ಬಿಟ್ಟುಬಂದಳು. ಸನ್ಮತಿಯ ಮನೆಯನ್ನು ಗುಡಿಸಿ ಒರೆಸಿ, ಪಡಸಾಲೆಗೆ ಸುಣ್ಣ ಬಳಿಸಿದಳು. ಕೀಲಿಕೈಯನ್ನು ಸೊಂಟದಿಂದ ಬಿಚ್ಚಿ ಪ್ರತ್ಯೇಕ ದಾರಕ್ಕೆ ಕಟ್ಟಿದಳು. ಅವರು ಬಂದೊಡನೆ ಕೈಗಿಟ್ಟು ಬರುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಮನೆ ಹೋದರೆ ಇನ್ನೊಂದು ಮನೆ ಸಿಕ್ಕೀತು. ಆದರೆ ಈ ಮನೆಯ ಮಾತೇ ಬೇರೆ, ಅದರ ಒಂದೊಂದು ಗೋಡೆಗೂ ಅವಳ ತಲೆಯ ಮೇಲಿನ ಬುಟ್ಟಿಯ ಸಿಮೆಂಟು ಹತ್ತಿತ್ತು.

ಪರ್ವಕ್ಕೆ ಅವರು ಬಂದರು. ಶೇವಂತಾಬಾಯಿ ಬಾಗಿಲು ತೆಗೆದು ಕೀಲಿಕೈ ಚಾಚಿದಳು. ಸನ್ಮತಿ "ಇರಲಿ ಬಿಡ್ರಿ, ಆಮ್ಯಾಲ ನೋಡೂಣು" ಎಂದು ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ. ತ್ರಿಶಲಾ "ಆರಾಮ ಅದೀರಿ?" ಎಂದಷ್ಟೇ ಕೇಳಿ ಮುಖ ಬೇರೆ ಕಡೆ ತಿರುಗಿಸಿದಳು. ಹಿತ್ತಲಿಗೆ ಹೋಗಿ ಬಾವಿಯಲ್ಲಿ ಬಗ್ಗಿ ಬಹಳ ಹೊತ್ತು ನಿಂತದ್ದನ್ನು ಶೇವಂತಾಬಾಯಿ ಬಾಗಿಲ ಸಂದಿನಿಂದ ಕಂಡಳು. ನೀರು ಈಗಲೂ ತಿಳಿಯಾಗಿಯೇ ಇತ್ತು.

ಮಹಾರಾಜರ ಆಹಾರ ಚಂದ್ರಮತಿಕಾಕುವಿನ ಮನೆಯಲ್ಲಾಯಿತು. ತ್ರಿಶಲಾ ಅಲ್ಲಿಗೆ ಹೋಗಿ, ನಿಂತ ಹೆಂಗಸರ ಸಾಲಿನಲ್ಲಿ ನಿಂತು, ತಾನೂ ಒಂದು ತುತ್ತು ಹಾಕಿ ಬಂದಳಂತೆ. ಓಣಿಯ ಹೆಂಗಸರು ಹೇಳಿದ್ದು. ತನ್ನ ಮನೆಯಲ್ಲಿ, ಅತ್ತೆಗೆ ಕೊಟ್ಟ ಮಾತಿನಂತೆ, ಆಗಲಿಲ್ಲ. ಮಹಾರಾಜರು ಮುಂದಿನ ವರ್ಷ ಎಲ್ಲಿರುತ್ತಾರೋ ಯಾರಿಗೂ ಗೊತ್ತಿಲ್ಲ. ಇದನ್ನು ಕೇಳಿದ ದಿನ ಶೇವಂತಾಬಾಯಿ ರೊಟ್ಟಿಯ ತಾಟು ಹಾಗೆಯೇ ಸರಿಸಿ ಎದ್ದಳು.

ಪರ್ವ ಮುಗಿದ ಮೇಲೆ ಕ್ಷಮಾವಣಿ. ಜೈನರು ಅಂದು ಒಬ್ಬರ ಮನೆಗೆ ಒಬ್ಬರು ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದಕ್ಕೆಲ್ಲ ಕೈಮುಗಿದು ಕ್ಷಮೆ ಕೇಳುತ್ತಾರೆ. ನೆಂಟರಲ್ಲಿ, ನೆರೆಯವರಲ್ಲಿ, ಅಂಗಡಿಯವರಲ್ಲಿ ಕೇಳುವುದುಂಟು. ಆ ಹೊತ್ತಿಗೆ ಶೇವಂತಾಬಾಯಿ ಮನೆಯ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಓಣಿಯ ಹುಡುಗಿಯರು ಆಟ ನಿಲ್ಲಿಸಿ ಸುಮ್ಮನಾದದ್ದು ಕಂಡು ತಲೆ ಎತ್ತಿದಳು. ತ್ರಿಶಲಾ ಒಬ್ಬಳೇ ಬರುತ್ತಿದ್ದಳು. ಆ ಮನೆಯ ಸೊಸೆ ಇಷ್ಟು ವರ್ಷದಲ್ಲಿ ಈ ಓಣಿಗೆ ಕಾಲಿಟ್ಟವಳಲ್ಲ.

"ಅಯ್ಯ ವೈನಿ, ಹೇಳಿ ಕಳಸಿದ್ರ ನಾನಾ ಬರತಿದ್ದೆ!" ಎಂದು ಗಡಬಡಿಸಿ ಎದ್ದಳು. "ಕೀಲಿಕೈ ಸಲುವಾಗಿ ಬಂದ್ರೇನ್ರಿ? ತರ್ತೀನಿ ತಡೀರಿ."

"ಕೀಲಿಕೈ ನಿಮ್ಮ ಹಂತ್ಯಾಕ ಇರಲಿ ಬಾಯಿ. ಕುಂದರ್ರಿ ನೀವು." ತ್ರಿಶಲಾ ತಾನೂ ಸೀರೆ ಮಡಚಿಕೊಂಡು ಆ ಕಟ್ಟೆಯ ಮೇಲೆಯೇ ಕೂತಳು. ಕೈಮುಗಿದಳು. "ಕ್ಷಮಾ ಮಾಡ್ರಿ. ನಂದಷ್ಟ ಅಲ್ಲ, ನಮ್ಮ ಅತ್ತಿದೂ ಸೇರಿಸಿ ಕೇಳಾಕತ್ತೀನಿ. ಅವ್ರಿಗಿ ಗೊತ್ತಾಗಿದ್ರ ಅವ್ರಾ ಬರತಿದ್ರು."

"ಬಿಡ್ರಿ ವೈನಿ. ಅವ್ರು ಜೀವ ಉಳಸಾಕ ನೋಡಿದ್ರು, ನಾನೂ ಹಂಗ ನೋಡಿದೆ. ಇಬ್ಬರಿಗೂ ಎಡವಟ್ಟಾತು. ನಿಮ್ಮ ಆಹಾರ ತಪ್ಪಿತಲ್ಲ, ಅದು ನನ್ನ ಮನಸಿಗಿ ಭಾಳ ಹತ್ತೇತ್ರಿ."

"ನನಗೂ ಹತ್ತೇತಿ. ಇಲ್ಲಾ ಅನ್ನೂದಿಲ್ಲ." ತ್ರಿಶಲಾ ಅವಳ ಕಡೆಗೆ ತಿರುಗಿ ಕೂತಳು. ಆಮೇಲೆ ಕೇಳಿದಳು: "ಸಪನಾ ಹೆಂಗಿದ್ದಳ್ರಿ?"

ಮಗಳು ಸತ್ತಾಗ ಎಲ್ಲರೂ ಹೇಗೆ ಸತ್ತಳು ಎಂದು ಕೇಳಿದ್ದರು. ಹೇಗಿದ್ದಳು ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಶೇವಂತಾಬಾಯಿಯ ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡಳು, ಮತ್ತೆ ಬಂದವು, ಒರೆಸುವುದನ್ನೇ ಬಿಟ್ಟಳು.

"ಭಾಳ ಬಾಯಿ ಇತ್ರೀ ಅದಕ," ಅಂದಳು, ಅಳುತ್ತಲೇ ನಗುತ್ತ. "ನಂದಾ ಬಾಯಿ. ಮುಂಜಾನೆ ಎದ್ದ ಕೂಡ್ಲೆ ಹೊಸ್ತಲದಾಗ ಕುಂತು ನಮ್ಮ ಕೋಳಿಗೆಲ್ಲಾ ಬೈತಿತ್ತು, ನೋಡ್ರಿ, ಯಾಕ ಇಷ್ಟ ಗದ್ದಲಾ ಹಾಕ್ತೀರಿ ಅಂತ..."

"ಕೋಳಿಗಲ್ಲೇ," ಅಂದ ಕಟ್ಟೆಯ ಆ ತುದಿಯಿಂದ ರಾಜಾರಾಮ, "ಬೆಕ್ಕಿಗೆ. ಬೆಕ್ಕಿಗೆ ಬೈತಿತ್ತು."